ದತ್ತಿ ಸಂಸ್ಥೆಯಲ್ಲಿ ಮಕ್ಕಳ ಹಾಗೂ ಹಿರಿಯರ ರಕ್ಷಣೆ: ಹೊಣೆ ಯಾರ ಹೆಸರಿನಲ್ಲಿ ಇರಬೇಕು?

ಟ್ರಸ್ಟ್ ಕಾರ್ಯದರ್ಶಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಕಲಘಟಗಿ, ಅಳ್ನಾವರ ಕಡೆಯ ಹಳ್ಳಿಗಳಿಂದ ಹೈಸ್ಕೂಲು ಓದಲು ಧಾರವಾಡಕ್ಕೆ ಬರುವ ಹೆಣ್ಣುಮಕ್ಕಳಿಗೆ ಉಚಿತ ವಸತಿ ಮತ್ತು ಊಟ, ಓಣಿಯ ಮಕ್ಕಳಿಗೆ ಸಂಜೆಯ ಪಾಠ, ವಯಸ್ಸಾದವರಿಗೆ ಹಗಲು ಹೊತ್ತಿನ ಆಸರೆ, ಈ ಮೂರು ಕೆಲಸಗಳನ್ನು ನಮ್ಮ ಟ್ರಸ್ಟ್ ನಡೆಸುತ್ತಿದೆ. ಟ್ರಸ್ಟಿಗಳು ಏಳು ಮಂದಿ. ಅಡುಗೆಯವರು, ಕಾವಲುಗಾರರು, ವ್ಯಾನ್ ಚಾಲಕರು ಸೇರಿ ಸಂಬಳದ ಸಿಬ್ಬಂದಿ ಹನ್ನೆರಡು ಜನ. ಪಾಠ ಹೇಳಲು ಬರುವ ಕಾಲೇಜು ವಿದ್ಯಾರ್ಥಿಗಳು ಪ್ರತಿ ವರ್ಷ ಬದಲಾಗುತ್ತಾರೆ.

ಮುಂದಿನ ವರ್ಷದ ಅನುದಾನಕ್ಕೆ ಮಾತುಕತೆ ನಡೆಸುತ್ತಿರುವ ದಾನಿ ಸಂಸ್ಥೆಯವರು, ಮಕ್ಕಳ ಮತ್ತು ಹಿರಿಯರ ರಕ್ಷಣೆಗಾಗಿ ನಮ್ಮಲ್ಲಿ ಇರುವ ಲಿಖಿತ ನೀತಿಯನ್ನೂ ಅದಕ್ಕೆ ಹೊಣೆಯಾಗಿರುವವರ ಹೆಸರನ್ನೂ ಕೇಳಿದ್ದಾರೆ. ನಾವು ಎರಡು ಪುಟಗಳ ಕರಡು ಸಿದ್ಧಪಡಿಸಿದ್ದೇವೆ. ರಕ್ಷಣೆ ಎಲ್ಲರ ಜವಾಬ್ದಾರಿ ಎಂಬ ಮಾತಿನಿಂದ ಅದು ಆರಂಭವಾಗುತ್ತದೆ. ಯಾವುದೇ ದೂರು ಬಂದರೆ ಮೊದಲು ಅಧ್ಯಕ್ಷರ ಗಮನಕ್ಕೆ ತರಬೇಕು, ಅವರು ಮೂವರ ಸಮಿತಿ ನೇಮಿಸಿ ವಿಚಾರಣೆ ಮಾಡಿಸಬೇಕು, ಆರೋಪದಲ್ಲಿ ಹುರುಳಿದೆ ಎಂದು ಕಂಡುಬಂದರೆ ಪೊಲೀಸರಿಗೆ ತಿಳಿಸಬೇಕು ಎಂದು ಮುಂದುವರಿಯುತ್ತದೆ. ನಮ್ಮ ಅಧ್ಯಕ್ಷರೇ ಸಂಸ್ಥೆಯ ಸ್ಥಾಪಕರು, ಎಲ್ಲರೂ ಗೌರವಿಸುವ ಹಿರಿಯರು. ರಕ್ಷಣೆಯ ಹೊಣೆಯನ್ನು ಅವರ ಹೆಸರಿನಲ್ಲಿಯೇ ಇಡುವುದು ಸರಿಯೋ, ವಾರ್ಡನ್ ಅವರಿಗೆ ಕೊಡಬೇಕೋ, ಉಳಿದ ಟ್ರಸ್ಟಿಗಳ ಪಾತ್ರವೇನು ಎಂಬುದರಲ್ಲಿ ನಮ್ಮಲ್ಲಿ ಒಮ್ಮತವಿಲ್ಲ. ಅನುಭವ ಇರುವವರು ತಿಳಿಸಿಕೊಡಬೇಕೆಂದು ವಿನಂತಿ.

ವಕೀಲೆ, ಹುಬ್ಬಳ್ಳಿ

ಕಾರ್ಯದರ್ಶಿಗಳೇ, ಹೊಣೆಗಾರರ ಹೆಸರಿನ ಪ್ರಶ್ನೆಗೆ ಹೋಗುವ ಮೊದಲು ನಿಮ್ಮ ಕರಡಿನ ಎರಡನೆಯ ಭಾಗವನ್ನು ತೆಗೆದುಹಾಕಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ ಸಂಬಂಧಿಸಿದ 2012ರ ಪೋಕ್ಸೋ ಕಾಯ್ದೆಯ 19ನೆಯ ಕಲಮಿನ ಪ್ರಕಾರ, ಇಂತಹ ಅಪರಾಧ ನಡೆದಿದೆ ಎಂದು ತಿಳಿದ ಅಥವಾ ನಡೆಯಬಹುದು ಎಂಬ ಆತಂಕವಿರುವ ಯಾವುದೇ ವ್ಯಕ್ತಿ ಸ್ಥಳೀಯ ಪೊಲೀಸರಿಗೆ ಇಲ್ಲವೇ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಈ ಕರ್ತವ್ಯ ಅಡುಗೆಯವರಿಗೂ ಇದೆ, ಕಾವಲುಗಾರರಿಗೂ ಇದೆ, ವಾರಕ್ಕೊಮ್ಮೆ ಗಣಿತ ಹೇಳಲು ಬರುವ ವಿದ್ಯಾರ್ಥಿಗೂ ಇದೆ. ಅಧ್ಯಕ್ಷರ ಅಪ್ಪಣೆ ಸಿಗುವವರೆಗೆ ಕಾಯಬೇಕೆಂದು ಸಂಸ್ಥೆ ನಿಯಮ ಮಾಡಿದರೆ ಆ ನಿಯಮಕ್ಕೆ ಬೆಲೆಯಿಲ್ಲ. ಅದನ್ನು ನಂಬಿ ಸುಮ್ಮನಿದ್ದವರೇ ಆರೋಪಿಗಳಾಗುತ್ತಾರೆ. ತಿಳಿಸದೆ ಇದ್ದವರಿಗೆ 21ನೆಯ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ತಿಳಿಸದಿದ್ದರೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಅಂದರೆ ನಿಮ್ಮ ಕರಡು ಅಧ್ಯಕ್ಷರಿಗೆ ಗೌರವ ಕೊಡಲು ಹೋಗಿ ಅವರನ್ನೇ ಅಪಾಯಕ್ಕೆ ಒಡ್ಡುತ್ತಿದೆ.

ಮೂವರ ಸಮಿತಿಯ ವಿಚಾರಣೆಯೂ ಬೇಡ. ಮಗುವನ್ನು ಕೂರಿಸಿಕೊಂಡು ಮೂವರು ದೊಡ್ಡವರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರೆ ಮಗು ನಲುಗುತ್ತದೆ, ಸಾಕ್ಷ್ಯವೂ ಕೆಡುತ್ತದೆ. ಪೊಲೀಸರೇ ಮಗುವಿನ ಹೇಳಿಕೆ ಪಡೆಯುವಾಗ ಸಮವಸ್ತ್ರದಲ್ಲಿ ಇರಬಾರದು, ಮಗು ವಾಸಿಸುವ ಅಥವಾ ಇಷ್ಟಪಡುವ ಸ್ಥಳದಲ್ಲಿ ಪಡೆಯಬೇಕು, ಸಾಧ್ಯವಾದಷ್ಟೂ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಪಡೆಯಬೇಕು ಎಂದು ಕಾನೂನು ಇಷ್ಟು ಎಚ್ಚರ ವಹಿಸಿರುವಾಗ, ಟ್ರಸ್ಟಿನ ಕಚೇರಿಯಲ್ಲಿ ಪಂಚಾಯಿತಿ ನಡೆಸುವ ಅಧಿಕಾರ ನಮಗೆ ಎಲ್ಲಿಂದ ಬರಬೇಕು? ಮಗು ಹೇಳಿದ್ದನ್ನು ಮಗುವಿನ ಮಾತಿನಲ್ಲಿಯೇ, ದಿನಾಂಕ ಮತ್ತು ವೇಳೆ ಹಾಕಿ ಬರೆದಿಟ್ಟು, ಆ ವ್ಯಕ್ತಿ ಮತ್ತೆ ಮಗುವಿನ ಹತ್ತಿರ ಬಾರದಂತೆ ನೋಡಿಕೊಂಡು ಪೊಲೀಸರಿಗೆ ತಿಳಿಸುವಲ್ಲಿಗೆ ಸಂಸ್ಥೆಯ ಆ ಹೊತ್ತಿನ ಕೆಲಸ ಮುಗಿಯುತ್ತದೆ.

2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ನೀಡಿದ ಒಂದು ತೀರ್ಪು ನಿಮ್ಮಂತಹ ಸಂಸ್ಥೆಗಳಿಗೆ ಬಹಳ ಹತ್ತಿರದ್ದು. ಮಹಾರಾಷ್ಟ್ರದ ಒಂದು ಶಾಲೆಯ ವಸತಿ ನಿಲಯದ ಬಾಲಕಿಯರಿಗೆ ಚಿಕಿತ್ಸೆ ನೀಡಿದ ವೈದ್ಯರು ವಿಷಯ ತಿಳಿದೂ ಪೊಲೀಸರಿಗೆ ತಿಳಿಸಲಿಲ್ಲ ಎಂಬ ಆರೋಪವಿದ್ದ ಪ್ರಕರಣವದು. ಹೈಕೋರ್ಟ್ ರದ್ದುಪಡಿಸಿದ್ದ ಆ ಪ್ರಕರಣಕ್ಕೆ ಸುಪ್ರೀಂ ಕೋರ್ಟ್ ಮತ್ತೆ ಜೀವ ಕೊಟ್ಟಿತು. ತಿಳಿದೂ ತಿಳಿಸದಿರುವುದು ಗಂಭೀರ ಅಪರಾಧ ಎಂದು ಹೇಳಿತು.

ಹಿರಿಯ ಟ್ರಸ್ಟಿ, ಹಾವೇರಿ

ವಕೀಲರ ಮಾತಿನಲ್ಲಿ ಕಾನೂನು ಇದೆ, ಒಪ್ಪುತ್ತೇನೆ. ಆದರೆ ನಮ್ಮ ಭಾಗದ ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿ ಮೇಲೆ ಬಂದವರು ಸಾವಿರಾರು ಜನ. ನಾನೂ ಅವರಲ್ಲಿ ಒಬ್ಬ. ಅಲ್ಲಿ ನೀತಿ ಪತ್ರವೂ ಇರಲಿಲ್ಲ, ಹೊಣೆಗಾರ ಅಧಿಕಾರಿಯೂ ಇರಲಿಲ್ಲ, ನಂಬಿಕೆ ಇತ್ತು. ಇಂದು ಪುಕ್ಕಟೆಯಾಗಿ ಪಾಠ ಹೇಳಲು ಬರುವ ಹುಡುಗನಿಗೆ ಮೊದಲು ಪೊಲೀಸ್ ಪ್ರಮಾಣಪತ್ರ ತರಲು ಹೇಳಿದರೆ, ಅವನು ತನ್ನನ್ನು ಕಳ್ಳನಂತೆ ಕಾಣುತ್ತಿದ್ದಾರೆ ಎಂದುಕೊಂಡು ನಾಳೆಯಿಂದ ಬರುವುದನ್ನೇ ಬಿಡುತ್ತಾನೆ. ದಾನಿಗಳಿಗೂ ತಪ್ಪು ಸಂದೇಶ ಹೋಗುತ್ತದೆ.

ಇನ್ನೊಂದು ಮಾತು. ಸಂಬಳ ಏರಿಸಲಿಲ್ಲ, ಕೆಲಸದಿಂದ ತೆಗೆದರು ಎಂಬ ಸಿಟ್ಟಿಗೆ ಸುಳ್ಳು ದೂರು ಕೊಡುವವರು ಇಲ್ಲವೆಂದು ಹೇಳಲಾಗದು. ಒಂದು ಸುಳ್ಳು ದೂರಿನಿಂದ ನಲವತ್ತು ವರ್ಷ ಕಟ್ಟಿದ ಸಂಸ್ಥೆ ನೆಲ ಕಚ್ಚಬಹುದು. ಅಧ್ಯಕ್ಷರಾದವರು ಮೊದಲು ಒಮ್ಮೆ ನಿಜಾಂಶ ನೋಡಿಕೊಳ್ಳಲಿ ಎಂಬುದರಲ್ಲಿ ಅಂತಹ ತಪ್ಪು ಏನಿದೆ ಎಂದು ನನಗೆ ತಿಳಿಯುತ್ತಿಲ್ಲ.

ವಸತಿ ನಿಲಯದ ವಾರ್ಡನ್, ರಾಣೆಬೆನ್ನೂರು

ಹಿರಿಯರ ಬಗ್ಗೆ ಗೌರವ ಇಟ್ಟುಕೊಂಡೇ ಎರಡು ಮಾತು ಬರೆಯುತ್ತೇನೆ. ಪ್ರಸಾದ ನಿಲಯಗಳಿಂದ ಮೇಲೆ ಬಂದವರ ಮಾತು ನಮಗೆ ಕೇಳಿಸುತ್ತದೆ. ನಡುವೆಯೇ ಓದು ಬಿಟ್ಟು ಊರಿಗೆ ಹೋದ ಮಗು ಯಾಕೆ ಹೋಯಿತು ಎಂದು ಯಾರೂ ಕೇಳಿ ಬರೆದಿಟ್ಟಿಲ್ಲ.

ನಾನು ಹಿಂದೆ ಕೆಲಸ ಮಾಡಿದ ನಿಲಯವೊಂದರಲ್ಲಿ ಸಲಹಾ ಪೆಟ್ಟಿಗೆಯನ್ನು ಕಚೇರಿಯ ಬಾಗಿಲ ಪಕ್ಕದಲ್ಲಿ, ಸಿಸಿಟಿವಿ ಕ್ಯಾಮೆರಾದ ನೇರಕ್ಕೆ ತೂಗುಹಾಕಿದ್ದರು. ಕೀಲಿ ವ್ಯವಸ್ಥಾಪಕರ ಮೇಜಿನ ಡ್ರಾಯರಿನಲ್ಲಿ ಇರುತ್ತಿತ್ತು. ವರ್ಷವಿಡೀ ಅದರಲ್ಲಿ ಬಿದ್ದದ್ದು ಚಾಕಲೇಟಿನ ಕಾಗದಗಳು ಮಾತ್ರ, ಮತ್ತು ದೂರುಗಳೇ ಇಲ್ಲದ ಸಂಸ್ಥೆ ಎಂದು ವಾರ್ಷಿಕ ವರದಿಯಲ್ಲಿ ಹೆಮ್ಮೆಯಿಂದ ಬರೆದುಕೊಂಡರು. ಬಾಲ ನ್ಯಾಯ ಮಾದರಿ ನಿಯಮಗಳು 2016 ಈ ಪೆಟ್ಟಿಗೆ ಕಚೇರಿಯಿಂದ ದೂರ, ಮಕ್ಕಳ ಕೋಣೆಗಳ ಹತ್ತಿರ ಇರಬೇಕು, ಕೀಲಿ ನಿರ್ವಹಣಾ ಸಮಿತಿಯ ಅಧ್ಯಕ್ಷರ ಬಳಿ ಇರಬೇಕು, ವಾರಕ್ಕೊಮ್ಮೆ ಮಕ್ಕಳ ಸಮಿತಿಯ ಸದಸ್ಯರ ಎದುರಿನಲ್ಲಿಯೇ ತೆರೆಯಬೇಕು ಎಂದು ಹೇಳುತ್ತವೆ. ಈಗ ನಾನಿರುವ ಕಡೆ ಪೆಟ್ಟಿಗೆಯನ್ನು ಬಟ್ಟೆ ಒಗೆಯುವ ಕಟ್ಟೆಯ ಹಿಂದಿನ ಗೋಡೆಗೆ ಹಾಕಿದ್ದೇವೆ. ಅಲ್ಲಿ ಯಾರು ನಿಂತರೂ ಬಟ್ಟೆ ಒಗೆಯಲು ನಿಂತಂತೆಯೇ ಕಾಣುತ್ತದೆ.

ಆದರೂ ನನ್ನ ಅನುಭವದಲ್ಲಿ ಮಕ್ಕಳು ಚೀಟಿ ಬರೆಯುವುದು ಕಡಿಮೆ. ರೊಟ್ಟಿ ಬಡಿಯುವ ಅಕ್ಕನ ಪಕ್ಕದಲ್ಲಿ ಕುಳಿತು ಹೇಳುತ್ತಾರೆ. ಒಂದು ಹುಡುಗಿ ನಮ್ಮ ಅಡುಗೆಯವರಿಗೆ ಹೇಳಿದ್ದು ಇಷ್ಟೇ: "ಆ ಸರ್ ಬಂದ್ರ ನಾ ಪಾಠಕ್ಕ ಕುಂಡ್ರಂಗಿಲ್ಲ ಅಕ್ಕಾ." ಕಾರಣ ಹೇಳಲಿಲ್ಲ. ಅಡುಗೆಯವರು ಅದನ್ನು ಓದಿನ ಸೋಮಾರಿತನ ಎಂದು ಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಅದೇ ರಾತ್ರಿ ನನಗೆ ಬಂದು ಹೇಳಿದ್ದರಿಂದ ಮುಂದಿನದೆಲ್ಲ ಸಾಧ್ಯವಾಯಿತು. ಆದ್ದರಿಂದ ತರಬೇತಿ ಎಂದರೆ ಟ್ರಸ್ಟಿಗಳನ್ನು ಹೋಟೆಲಿನ ಸಭಾಂಗಣದಲ್ಲಿ ಕೂರಿಸುವುದಕ್ಕಿಂತ ಮೊದಲು ಅಡುಗೆಮನೆಗೆ, ಗೇಟಿನ ಹತ್ತಿರಕ್ಕೆ, ವ್ಯಾನಿಗೆ ತಲುಪಬೇಕು.

ಕಾರ್ಯದರ್ಶಿಗಳ ಪ್ರಶ್ನೆಗೆ ನನ್ನ ಉತ್ತರ: ವಾರ್ಡನ್ ಒಬ್ಬರನ್ನೇ ಹೊಣೆಗಾರರನ್ನಾಗಿ ಮಾಡಬೇಡಿ. ಹಗಲು ರಾತ್ರಿ ಮಕ್ಕಳ ಜೊತೆ ಇರುವವರು ನಾವೇ, ಆದ್ದರಿಂದ ನಮ್ಮ ಮೇಲೆಯೇ ದೂರು ಬರುವ ಸಾಧ್ಯತೆಯೂ ಹೆಚ್ಚು.

ನಿವೃತ್ತ ಮಕ್ಕಳ ಅಭಿವೃದ್ಧಿ ಅಧಿಕಾರಿ, ಗದಗ

ವಾರ್ಡನ್ ಮೇಡಂ ಅವರ ಕೊನೆಯ ವಾಕ್ಯವನ್ನು ಅಧ್ಯಕ್ಷರಿಗೂ ಅನ್ವಯಿಸಬೇಕು. ಹೊಣೆಗಾರರನ್ನು ಆರಿಸುವಾಗ ನಾನು ಒಂದೇ ಪರೀಕ್ಷೆ ಹಚ್ಚುತ್ತೇನೆ: ಈ ಸಂಸ್ಥೆಯ ಅತ್ಯಂತ ಪ್ರಬಲ ವ್ಯಕ್ತಿಯ ಮೇಲೆ ದೂರು ಬಂದರೆ ಇವರು ಅದನ್ನು ಹೊರಗೆ ಒಯ್ಯಬಲ್ಲರೇ? ಸ್ಥಾಪಕರ ತಮ್ಮ, ಸ್ಥಾಪಕರ ಅಂಗಡಿಯ ಲೆಕ್ಕ ಬರೆಯುವವರು, ಸಂಬಳಕ್ಕಾಗಿ ಸ್ಥಾಪಕರ ಸಹಿ ಕಾಯುವವರು ಈ ಪರೀಕ್ಷೆಯಲ್ಲಿ ಉಳಿಯುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂದು ನಮ್ಮವರು ಕೇಳಿದ್ದು ಸುಮ್ಮನೆ ಅಲ್ಲ.

ನನ್ನ ಸಲಹೆ ಹೀಗಿದೆ. ಕಾನೂನಿನ ಮುಂದೆ ಅಂತಿಮ ಹೊಣೆ ಏಳೂ ಟ್ರಸ್ಟಿಗಳದ್ದು. ಒಬ್ಬರಿಗೆ ಕೆಲಸ ವಹಿಸಿದ ಮಾತ್ರಕ್ಕೆ ಉಳಿದ ಆರು ಜನ ಕೈ ತೊಳೆದುಕೊಳ್ಳುವಂತಿಲ್ಲ. ಆ ಏಳರಲ್ಲಿ ಅಧ್ಯಕ್ಷರಲ್ಲದ, ಅವರ ಸಂಬಂಧಿಯೂ ಅಲ್ಲದ ಒಬ್ಬರನ್ನು ಠರಾವು ಮಾಡಿ ರಕ್ಷಣೆಯ ವಿಷಯಕ್ಕೆ ನೇಮಿಸಿ. ಪ್ರತಿ ಸಭೆಯ ವಿಷಯಪಟ್ಟಿಯಲ್ಲಿ ಈ ವಿಷಯ ಬರುವಂತೆ ನೋಡುವುದು, ಹಣ ಒದಗಿಸುವುದು, ವರ್ಷಕ್ಕೊಮ್ಮೆ ನೀತಿಯನ್ನು ಪರಿಶೀಲಿಸುವುದು ಅವರ ಕೆಲಸ. ದಿನನಿತ್ಯದ ಹೊಣೆಯನ್ನು ಸಿಬ್ಬಂದಿಯಲ್ಲಿ ಒಬ್ಬರಿಗೆ ಕೊಟ್ಟು, ಅವರು ರಜೆಯಲ್ಲಿದ್ದಾಗ ಅಥವಾ ಅವರ ಮೇಲೆಯೇ ಮಾತು ಬಂದಾಗ ನೋಡಿಕೊಳ್ಳಲು ಇನ್ನೊಬ್ಬರನ್ನು ಇಡಿ. ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಲಿ. ಇವರ ಹೆಸರು, ಫೋಟೋ, ಫೋನ್ ಸಂಖ್ಯೆ, ಜೊತೆಗೆ ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಸಹಾಯದ 112 ಎಂಬ ಸಂಖ್ಯೆಗಳು ಮಕ್ಕಳ ಕಣ್ಣಿನ ಎತ್ತರಕ್ಕೆ ಗೋಡೆಯ ಮೇಲೆ ಇರಲಿ. ನೀತಿ ಪತ್ರ ಕಪಾಟಿನಲ್ಲಿ ಇದ್ದರೆ ದಾನಿಗಳಿಗಷ್ಟೇ ಪ್ರಯೋಜನ.

ಹಾವೇರಿಯ ಹಿರಿಯರು ಪೊಲೀಸ್ ಪರಿಶೀಲನೆಯನ್ನು ಅವಮಾನ ಎಂದಿದ್ದಾರೆ. ಪೋಕ್ಸೋ ನಿಯಮಗಳು 2020ರ ಪ್ರಕಾರ, ಮಕ್ಕಳ ವಸತಿ ಇರುವ ಅಥವಾ ಮಕ್ಕಳೊಂದಿಗೆ ನಿಯಮಿತ ಸಂಪರ್ಕ ಇರುವ ಸಂಸ್ಥೆ ತನ್ನ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ನಿಯತವಾಗಿ ಮಾಡಿಸಲೇಬೇಕು. ಕಾಯಂ ಆಗಲಿ ಗುತ್ತಿಗೆಯಾಗಲಿ ಬಿಡುವಂತಿಲ್ಲ. ಕರ್ನಾಟಕದಲ್ಲಿ ಸೇವಾ ಸಿಂಧು ಮೂಲಕವೇ ಅರ್ಜಿ ಹಾಕಬಹುದು. ಟ್ರಸ್ಟಿಗಳೇ ಮೊದಲು ತಮ್ಮ ಪ್ರಮಾಣಪತ್ರ ತಂದಿಟ್ಟರೆ ಸ್ವಯಂಸೇವಕ ಹುಡುಗನಿಗೆ ಅದು ಅವಮಾನ ಎನಿಸುವುದಿಲ್ಲ. ಆದರೆ ಆ ಕಾಗದವನ್ನೇ ನಂಬಿ ಕೂರಬಾರದು, ಏಕೆಂದರೆ ಎಂದೂ ದೂರು ದಾಖಲಾಗದವರ ಬಗ್ಗೆ ಅದು ಏನನ್ನೂ ಹೇಳದು. ಹಿಂದೆ ಕೆಲಸ ಮಾಡಿದ ಸಂಸ್ಥೆಗೆ ಫೋನ್ ಮಾಡಿ, ಇವರನ್ನು ಮತ್ತೆ ಮಕ್ಕಳ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ ಎಂದು ನೇರವಾಗಿ ಕೇಳಿ. ಆ ಕಡೆಯವರು ಉತ್ತರ ಕೊಡಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎಂಬುದನ್ನೂ ಗಮನಿಸಿ.

ರಾಜೀನಾಮೆ ಪಡೆದು ಗುಟ್ಟಾಗಿ ಕಳುಹಿಸಿಬಿಡುವ ರೂಢಿಯ ಅಪಾಯವೂ ಇಲ್ಲಿಯೇ ಇದೆ. ಹೈಟಿ ದೇಶದ 2010ರ ಭೂಕಂಪದ ನಂತರ ಪರಿಹಾರಕ್ಕೆ ಹೋಗಿದ್ದ ಬ್ರಿಟನ್ನಿನ ಆಕ್ಸ್‌ಫಾಮ್ ಸಂಸ್ಥೆಯ ಕೆಲವು ಸಿಬ್ಬಂದಿಯ ದುರ್ನಡತೆ 2011ರಲ್ಲಿಯೇ ಸಂಸ್ಥೆಗೆ ತಿಳಿದಿತ್ತು. ಕೆಲವರನ್ನು ತೆಗೆದುಹಾಕಿದರು, ಕೆಲವರು ರಾಜೀನಾಮೆ ಕೊಟ್ಟು ಹೋದರು, ಹಾಗೆ ಹೋದವರಲ್ಲಿ ಕೆಲವರು ಬೇರೆ ನೆರವು ಸಂಸ್ಥೆಗಳಲ್ಲಿ ಕೆಲಸವನ್ನೂ ಪಡೆದರು. 2018ರಲ್ಲಿ ವಿಷಯ ಪತ್ರಿಕೆಗೆ ಬಂದಾಗ ಜನರು ಕೆರಳಿದ್ದು ನಡೆದ ಕೃತ್ಯಕ್ಕೆ ಎಷ್ಟೋ, ಅದನ್ನು ಪೂರ್ತಿ ಹೇಳದೆ ಇಟ್ಟಿದ್ದಕ್ಕೂ ಅಷ್ಟೇ. ದತ್ತಿ ಸಂಸ್ಥೆಗಳ ಮೇಲೆ ನಿಗಾ ಇಡುವ ಬ್ರಿಟನ್ನಿನ ದತ್ತಿ ಆಯೋಗ 2019ರ ವರದಿಯಲ್ಲಿ ಸಂಸ್ಥೆಯನ್ನು ಕಟುವಾಗಿ ಟೀಕಿಸಿತು. ಸಂಸ್ಥೆಯ ಹೆಸರು ಉಳಿಸುವುದಕ್ಕಾಗಿ ಮುಚ್ಚಿಟ್ಟದ್ದೇ ಕೊನೆಗೆ ಹೆಸರನ್ನು ಕೆಡಿಸಿತು.

ಸ್ವಯಂಸೇವಕ, ಮುಂಡರಗಿ

ಸರ್, ಏಳು ಟ್ರಸ್ಟಿಗಳು ಇರುವವರಿಗೆ ಇದೆಲ್ಲ ಸಾಧ್ಯ. ನಾವು ಇರುವುದೇ ನಾಲ್ಕು ಜನ. ಸುಗ್ಗಿ ಮುಗಿದ ಮೇಲೆ ತಂದೆ ತಾಯಿ ಗೋವಾ, ಮಂಗಳೂರು ಕಡೆ ದುಡಿಯಲು ಹೋದಾಗ ಊರಿನಲ್ಲಿ ಅಜ್ಜಿಯ ಜೊತೆ ಉಳಿಯುವ ಮಕ್ಕಳಿಗೆ ಸಂಜೆ ಪಾಠ ಮತ್ತು ಉಪಾಹಾರ ಕೊಡುತ್ತೇವೆ. ನಾಲ್ವರೂ ಗೆಳೆಯರು, ಒಬ್ಬನ ಮನೆಯ ಪಡಸಾಲೆಯೇ ನಮ್ಮ ಶಾಲೆ. ಒಬ್ಬರ ಮೇಲೆ ಒಬ್ಬರು ಕಣ್ಣಿಡುವ ವ್ಯವಸ್ಥೆ ನಮ್ಮಲ್ಲಿ ಹೇಗೆ ಮಾಡುವುದು?

ವಕೀಲೆ, ಹುಬ್ಬಳ್ಳಿ

ನಾಲ್ಕು ಜನರಿದ್ದರೆ ಹೊರಗಿನ ಒಬ್ಬರನ್ನು ಸೇರಿಸಿಕೊಳ್ಳಿ. ಊರಿನ ನಿವೃತ್ತ ಶಿಕ್ಷಕಿ, ಆಶಾ ಕಾರ್ಯಕರ್ತೆ, ಇಲ್ಲವೇ ಪಕ್ಕದ ಊರಿನ ಇನ್ನೊಂದು ಸಂಸ್ಥೆಯವರು ನಿಮ್ಮ ಹೊಣೆಗಾರರಾಗಬಹುದು. ಬದಲಿಗೆ ನೀವು ಅವರ ಸಂಸ್ಥೆಗೆ ಆಗಬಹುದು. ಅವರ ಸಂಖ್ಯೆ ಮಕ್ಕಳ ಅಜ್ಜಿಯಂದಿರ ಬಳಿ ಇರಬೇಕು. ಪಾಠದ ಹೊತ್ತಿನಲ್ಲಿ ಇಬ್ಬರು ದೊಡ್ಡವರು ಇರಲೇಬೇಕು, ಪಡಸಾಲೆಯ ಬಾಗಿಲು ತೆರೆದಿರಬೇಕು, ಮಗುವನ್ನು ಒಬ್ಬರೇ ಬೈಕಿನಲ್ಲಿ ಮನೆಗೆ ಬಿಡಬಾರದು. ಇವಕ್ಕೆ ದುಡ್ಡು ಬೇಕಾಗಿಲ್ಲ.

ದೊಡ್ಡವರ ವಿಷಯಕ್ಕೆ ಬರುತ್ತೇನೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಟ್ರಸ್ಟು, ಸಂಘ, ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಸಂಬಳವಿಲ್ಲದ ಸ್ವಯಂಸೇವಕಿಯರೂ ಅದರ ಅರ್ಥದಲ್ಲಿ ಉದ್ಯೋಗಿಗಳೇ. ಧಾರವಾಡದ ಟ್ರಸ್ಟಿನಲ್ಲಿ ಹನ್ನೆರಡು ಜನ ಇರುವುದರಿಂದ ಇಂತಹ ದೂರು ವಿಚಾರಿಸುವ ಆಂತರಿಕ ಸಮಿತಿ ಕಡ್ಡಾಯ. ಹಿರಿಯ ಮಹಿಳಾ ಉದ್ಯೋಗಿ ಅಧ್ಯಕ್ಷೆಯಾಗಿರಬೇಕು, ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನ ಒಬ್ಬ ಸದಸ್ಯರಿರಬೇಕು. ರಚಿಸದಿದ್ದರೆ 50,000 ರೂಪಾಯಿಯವರೆಗೆ ದಂಡವಿದೆ. ಹತ್ತಕ್ಕಿಂತ ಕಡಿಮೆ ಜನರಿರುವ ಮುಂಡರಗಿಯಂತಹ ಕಡೆ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು. ಈ ಆಂತರಿಕ ಸಮಿತಿಗೆ ಮಕ್ಕಳ ದೂರುಗಳನ್ನು ವಹಿಸಬಾರದು. ಎರಡರ ದಾರಿಯೇ ಬೇರೆ.

ಸುಳ್ಳು ದೂರಿನ ಬಗ್ಗೆ ಹಿರಿಯರು ಎತ್ತಿದ ಆತಂಕಕ್ಕೂ ಉತ್ತರವಿದೆ. ಅವಮಾನಿಸುವ, ಸುಲಿಗೆ ಮಾಡುವ ಉದ್ದೇಶದಿಂದ ಸುಳ್ಳು ದೂರು ಕೊಟ್ಟ ವಯಸ್ಕರಿಗೆ ಪೋಕ್ಸೋದಲ್ಲಿಯೇ ಶಿಕ್ಷೆ ಇದೆ. ಮಗುವಿಗೆ ಮಾತ್ರ ಶಿಕ್ಷೆ ಇಲ್ಲ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ರಕ್ಷಣೆಯೂ ಇದೆ. ನಿಜಾಂಶ ನೋಡುವ ಕೆಲಸ ತನಿಖಾಧಿಕಾರಿಗೆ ಸೇರಿದ್ದು.

ಹಿರಿಯ ಟ್ರಸ್ಟಿ, ಹಾವೇರಿ

ಇಷ್ಟನ್ನು ಓದಿದ ಮೇಲೆ ಪರಿಶೀಲನೆಯ ಬಗ್ಗೆ ನನ್ನ ಆಕ್ಷೇಪವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ; ಟ್ರಸ್ಟಿಗಳೇ ಮೊದಲು ಮಾಡಿಸಿಕೊಳ್ಳಬೇಕು ಎಂಬ ಮಾತು ನ್ಯಾಯವಾದದ್ದು. ಆದರೆ ದಾನಿಗಳ ಪ್ರಶ್ನೆ ಉಳಿಯುತ್ತದೆ. ನಮ್ಮಲ್ಲಿ ತಿಂಗಳಿಗೆ ನಾಲ್ಕಾರು ಕುಟುಂಬಗಳು ಮಕ್ಕಳ ಹುಟ್ಟುಹಬ್ಬಕ್ಕೋ ಹಿರಿಯರ ಪುಣ್ಯತಿಥಿಗೋ ಊಟ ಹಾಕಿಸಲು ಬರುತ್ತವೆ. ಬಂದವರನ್ನು ಹೊಣೆಗಾರರು, ನಿಯಮ ಎಂದು ಗೇಟಿನಲ್ಲಿ ನಿಲ್ಲಿಸಿದರೆ ಹೋಳಿಗೆ ಊಟ ಬೇರೆ ಕಡೆಗೆ ಹೋಗುತ್ತದೆ.

ವಸತಿ ನಿಲಯದ ವಾರ್ಡನ್, ರಾಣೆಬೆನ್ನೂರು

ಊಟ ಬರಲಿ, ಹಿರಿಯರೇ. ಆದರೆ ಕೇಕ್ ಕತ್ತರಿಸುವ ಮಗುವಿನ ಹಿಂದೆ ನಮ್ಮ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಚಪ್ಪಾಳೆ ತಟ್ಟಿಸಿ, ಆ ಫೋಟೋವನ್ನು ಊರಿನ ಹೆಸರಿನ ಸಮೇತ ಫೇಸ್‌ಬುಕ್ಕಿಗೆ ಹಾಕುವುದು ನಿಲ್ಲಬೇಕು. ಮರುದಿನ ಶಾಲೆಯಲ್ಲಿ ಆ ಫೋಟೋ ತೋರಿಸಿ ಹಂಗಿಸಿದರೆಂದು ಒಂದು ಹುಡುಗಿ ವಾರಗಟ್ಟಲೆ ಮುಖ ಎತ್ತಲಿಲ್ಲ. ರಕ್ಷಣೆ ಮತ್ತು ಪಾಲನೆಯ ಅಗತ್ಯವಿರುವ ಮಕ್ಕಳ ಗುರುತನ್ನು ಮಾಧ್ಯಮದಲ್ಲಿ ಬಹಿರಂಗಪಡಿಸುವುದನ್ನು 2015ರ ಬಾಲ ನ್ಯಾಯ ಕಾಯ್ದೆಯ 74ನೆಯ ಕಲಮು ನಿಷೇಧಿಸುತ್ತದೆ, ಅದಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ.

ನಮ್ಮಲ್ಲಿ ಈಗ ಬರುವವರಿಗೆ ಮುಂಚೆಯೇ ಒಂದು ಪುಟದ ಪತ್ರ ಕಳುಹಿಸುತ್ತೇವೆ: ಊಟದ ಹಾಲಿನಲ್ಲಿ ಮಾತ್ರ ಭೇಟಿ, ಮಲಗುವ ಕೋಣೆಗಳಿಗೆ ಪ್ರವೇಶವಿಲ್ಲ, ಮಗುವಿಗೆ ಬಿಡಿಯಾಗಿ ಹಣ, ಮೊಬೈಲು, ಉಡುಗೊರೆ ಕೊಡುವಂತಿಲ್ಲ, ಹೊರಗೆ ಕರೆದುಕೊಂಡು ಹೋಗುವಂತಿಲ್ಲ, ಫೋಟೋ ಬೇಕಿದ್ದರೆ ಬಡಿಸಿದ ಎಲೆಗಳದ್ದು ತೆಗೆದುಕೊಳ್ಳಬಹುದು. ಆರಂಭದಲ್ಲಿ ಇಬ್ಬರು ಮೂವರು ಬೇಸರಪಟ್ಟರು. ಉಳಿದವರು ಬರುತ್ತಲೇ ಇದ್ದಾರೆ. ಒಬ್ಬ ದಾನಿ ಮಾತ್ರ ಒಂದೇ ಮಗುವಿಗೆ ಮತ್ತೆ ಮತ್ತೆ ಬಟ್ಟೆ ತಂದು ಅವಳನ್ನೇ ಭೇಟಿ ಮಾಡಿಸಿ ಎಂದು ಹಟ ಹಿಡಿದಾಗ ಅವರ ಕೊಡುಗೆಯನ್ನು ನಾವೇ ಬೇಡವೆಂದೆವು.

ಟ್ರಸ್ಟ್ ಕಾರ್ಯದರ್ಶಿ, ಧಾರವಾಡ

ಎಲ್ಲರಿಗೂ ಋಣಿ. ಹಿರಿಯರ ಹಗಲು ಕೇಂದ್ರದ ಬಗ್ಗೆ ಯಾರೂ ಬರೆದಿಲ್ಲ. ಅಲ್ಲಿ ಅಪಾಯ ಕಡಿಮೆ ಎಂದು ಭಾವಿಸಬಹುದೇ?

ನಿವೃತ್ತ ಮಕ್ಕಳ ಅಭಿವೃದ್ಧಿ ಅಧಿಕಾರಿ, ಗದಗ

ಹಾಗೆ ಭಾವಿಸಬೇಡಿ. ಅಲ್ಲಿ ಹೆಚ್ಚಾಗಿ ನಡೆಯುವುದು ಹಣದ ವಿಷಯ. ಬ್ಯಾಂಕಿಗೆ ನಡೆಯಲಾಗದ ಅಜ್ಜಿ ತನ್ನ ಪಿಂಚಣಿಯ ಎಟಿಎಂ ಕಾರ್ಡನ್ನು ನಂಬಿಕೆಯ ಹುಡುಗನ ಕೈಗೆ ಕೊಟ್ಟು, ಕಾರ್ಡಿನ ಹಿಂದೆಯೇ ಪಿನ್ ಬರೆಸಿರುತ್ತಾಳೆ. ಅವನು ಪ್ರಾಮಾಣಿಕನೇ ಇರಬಹುದು, ಆದರೆ ಅಜ್ಜಿಗೆ ಲೆಕ್ಕ ಮರೆತ ದಿನ ಅವನನ್ನು ಕಾಪಾಡುವ ದಾಖಲೆಯೂ ಇರುವುದಿಲ್ಲ. ಸಿಬ್ಬಂದಿ ಮತ್ತು ಸ್ವಯಂಸೇವಕರು ಕಾರ್ಡು, ಪಾಸ್‌ಬುಕ್ಕು, ಉಯಿಲು, ಆಸ್ತಿ ಪತ್ರಗಳನ್ನು ಮುಟ್ಟಬಾರದು. ಅನಿವಾರ್ಯವಾದರೆ ಇಬ್ಬರು ಹೋಗಿ ರಸೀದಿ ತಂದು ಪುಸ್ತಕದಲ್ಲಿ ಸಹಿ ಪಡೆಯಬೇಕು. ಮನೆಯಲ್ಲಿ ಹೊಡೆತ, ಉಪವಾಸ, ಆಸ್ತಿಗಾಗಿ ಒತ್ತಡ ಇದೆ ಎಂಬ ಸುಳಿವು ಸಿಕ್ಕರೆ ಹಿರಿಯರ ಸಹಾಯವಾಣಿ 14567 ಇದೆ. ಮಕ್ಕಳ ವಿಷಯಕ್ಕೂ ಇದಕ್ಕೂ ಒಂದು ವ್ಯತ್ಯಾಸ ನೆನಪಿಡಿ: ಬುದ್ಧಿ ಸ್ಥಿಮಿತದಲ್ಲಿರುವ ಹಿರಿಯರ ಒಪ್ಪಿಗೆ ಕೇಳದೆ ನಾವೇ ಮುಂದೆ ನುಗ್ಗುವುದು ಅವರಿಗೆ ಇನ್ನೊಂದು ಅನ್ಯಾಯವಾದೀತು. ಜೀವಕ್ಕೆ ಅಪಾಯವಿದ್ದಾಗ ಮಾತ್ರ ಕಾಯಬಾರದು.

ಟ್ರಸ್ಟ್ ಕಾರ್ಯದರ್ಶಿ, ಧಾರವಾಡ

ಕರಡನ್ನು ಪೂರ್ತಿ ಬದಲಾಯಿಸಿದ್ದೇವೆ. ಮೂವರ ಸಮಿತಿ ಹೋಯಿತು. ಮಹಿಳಾ ಟ್ರಸ್ಟಿಯೊಬ್ಬರು ಹೊಣೆ ಒಪ್ಪಿಕೊಂಡಿದ್ದಾರೆ. ದಿನನಿತ್ಯದ ಕೆಲಸಕ್ಕೆ ಲೆಕ್ಕಪತ್ರ ನೋಡುವ ಸಿಬ್ಬಂದಿಯನ್ನೂ ಅವರಿಗೆ ಬದಲಿಯಾಗಿ ವಾರ್ಡನ್ ಅವರನ್ನೂ ಇಟ್ಟಿದ್ದೇವೆ. ನಮ್ಮ ವಸತಿ ನಿಲಯಕ್ಕೆ ಬಾಲ ನ್ಯಾಯ ಕಾಯ್ದೆಯಡಿ ನೋಂದಣಿ ಬೇಕೇ ಎಂಬುದನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಪತ್ರ ಬರೆದು ಕೇಳುತ್ತಿದ್ದೇವೆ. ಉಳಿದಿರುವುದು ಒಂದು ತೊಡಕು. ಅಧ್ಯಕ್ಷರು ಎಲ್ಲವನ್ನೂ ಒಪ್ಪಿದರೂ, ಪೊಲೀಸರಿಗೆ ತಿಳಿಸುವ ಮುನ್ನ ತಮಗೊಂದು ಮಾತು ಹೇಳಬೇಕೆಂಬ ಸಾಲು ಇರಲಿ ಎಂದು ಕೇಳುತ್ತಿದ್ದಾರೆ.

ವಕೀಲೆ, ಹುಬ್ಬಳ್ಳಿ

ಆ ಸಾಲು ಬೇಡ. ಅವರ ಮೇಲೆಯೋ ಅವರ ಆಪ್ತರ ಮೇಲೆಯೋ ದೂರು ಇದ್ದಾಗ ಆ ಒಂದು ಮಾತೇ ಎಚ್ಚರಿಕೆಯ ಗಂಟೆಯಾಗುತ್ತದೆ. ಪೊಲೀಸರಿಗೆ ತಿಳಿಸಿದ ಮೇಲೆ, ದೂರು ಅಧ್ಯಕ್ಷರ ಕುರಿತದ್ದಲ್ಲದಿದ್ದರೆ, ಅದೇ ದಿನ ಅವರಿಗೆ ತಿಳಿಸಬೇಕು ಎಂದು ಬರೆಯಿರಿ. ಅವರು ಒಪ್ಪದಿದ್ದರೆ ಉಳಿದ ಟ್ರಸ್ಟಿಗಳ ಬಹುಮತದಿಂದ ಠರಾವು ಮಾಡಿ, ಅವರ ಭಿನ್ನಾಭಿಪ್ರಾಯವನ್ನೂ ನಡಾವಳಿ ಪುಸ್ತಕದಲ್ಲಿ ದಾಖಲಿಸಿ, ಏಳೂ ಜನರ ಸಹಿ ಪಡೆಯಿರಿ.